ನೀನು ಯಾರ ಪೈಕಿ?

(ಸ್ಕಾಟ್ಲೆಂಡಿನ ಕ್ಲಾನ್‌ಗಳ ಕಥೆ ಹೇಳುವ ಐತಿಹಾಸಿಕ ಪ್ರೇಮಕಾದಂಬರಿಗಳ ಬಗ್ಗೆ ಮೈಸೂರಿನ ಓದುಗರ ಕೂಟವೊಂದರಲ್ಲಿ ಆಡಿದ ಮಾತುಗಳು. ಬರೆಯುವಾಗ ಅಲ್ಲಲ್ಲಿ ಸ್ವಲ್ಪ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಮ್ಮ ಕಡೆ ಮದುವೆಮನೆಗೆ ಹೋದರೆ ಯಾರಾದರೂ ಒಬ್ಬ ಅಜ್ಜಿ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿಯೇ ಕೇಳುತ್ತಾರೆ: "ನೀನು ಯಾರ ಪೈಕಿ ಮಗಾ?" ಹೆಸರು, ಓದು, ಕೆಲಸ ಎಲ್ಲ ಆಮೇಲೆ. ಸ್ಕಾಟ್ಲೆಂಡಿನ ಬೆಟ್ಟಸೀಮೆಯಲ್ಲೂ, ಅಂದರೆ ಹೈಲ್ಯಾಂಡ್ಸ್‌ನಲ್ಲೂ, ಇದೇ ಪ್ರಶ್ನೆ ಇದೆ. ಅಲ್ಲಿನ ಗೇಲಿಕ್ ಭಾಷೆಯಲ್ಲಿ "ಕೋ ಲೆಶ್ ಊ?" ಅನ್ನುತ್ತಾರೆ. ನೀನು ಯಾರವಳು, ಯಾರಿಗೆ ಸೇರಿದವಳು ಅಂತ ಅರ್ಥ. ಇದನ್ನು ಮೊದಲ ಸಲ ತಿಳಿದಾಗ ನನಗೆ ಒಂದು ಕ್ಷಣ ಮೈ ಜುಮ್ಮೆಂದಿತು. ಇಷ್ಟು ವರ್ಷ ನಾನು ಈ ಕಾದಂಬರಿಗಳನ್ನು ಯಾಕೆ ಓದುತ್ತಿದ್ದೆ ಅನ್ನುವುದಕ್ಕೆ ಉತ್ತರ ಆ ಒಂದು ಪ್ರಶ್ನೆಯಲ್ಲೇ ಇತ್ತು.

ನಾನು ಓದಲು ಶುರುಮಾಡಿದ್ದು ಪಿಯುಸಿಯಲ್ಲಿ. ಮನೆ ಹತ್ತಿರ ಪುಸ್ತಕ ಬಾಡಿಗೆಗೆ ಕೊಡುವ ಲೈಬ್ರರಿ ಇತ್ತು. ಅಲ್ಲಿನ ಒಂದು ಕಪಾಟಿನ ತುಂಬ ಇವೇ. ಮುಖಪುಟದಲ್ಲಿ ಕಿಲ್ಟ್ (ಮೊಣಕಾಲವರೆಗಿನ, ಚೌಕುಳಿಯ ಲಂಗದಂಥ ಉಡುಪು) ಉಟ್ಟ ಗಂಡಸು, ಮೈಮೇಲೆ ಅಂಗಿ ಇಲ್ಲ, ಹಿಂದೆ ಮಂಜು ಮುಸುಕಿದ ಕೋಟೆ. ಆ ಚಿತ್ರ ನೋಡಿದವರು ಒಳಗೂ ಅಷ್ಟೇ ಇರುತ್ತದೆ ಅಂದುಕೊಳ್ಳುತ್ತಾರೆ. ನನ್ನ ಕಣ್ಣು ಮಾತ್ರ ಹಿಂದಿನ ಕೋಟೆಯ ಮೇಲೇ ಇರುತ್ತಿತ್ತು. ಅದರೊಳಗೆ ಯಾರಿದ್ದಾರೆ? ಅಡುಗೆಮನೆ ಯಾರ ಕೈಯಲ್ಲಿದೆ? ಹೊರಗಿನಿಂದ ಬಂದ ಈ ಹುಡುಗಿಗೆ ಅಲ್ಲಿ ಜಾಗ ಸಿಗುತ್ತದಾ? ಪುಟ ತಿರುಗಿಸುತ್ತಿದ್ದದ್ದು ಅದಕ್ಕೆ.

ಮೊದಲು ಈ ಕ್ಲಾನ್ ಅನ್ನುವ ಮಾತು. ಗೇಲಿಕ್‌ನಲ್ಲಿ ಅದಕ್ಕೆ "ಮಕ್ಕಳು" ಅಂತ ಅರ್ಥ. ಯಾರೋ ಒಬ್ಬ ಹಿರಿಯನ ಮಕ್ಕಳು. ಕನ್ನಡದಲ್ಲಿ ಇದಕ್ಕೆ ಏನನ್ನಬೇಕು ಅಂತ ತುಂಬ ಯೋಚಿಸಿದ್ದೇನೆ. ಕುಲ ಅಂದರೆ ಜಾತಿ ನೆನಪಾಗುತ್ತದೆ. ಬಳಗ ಅಂದರೆ ಕತ್ತಿ ಹಿಡಿಯುವ ಗಟ್ಟಿತನ ಬರುವುದಿಲ್ಲ. ಮನೆತನ ಸುಮಾರಾಗಿ ಹತ್ತಿರ. ಇಲ್ಲಿ ಕೊಡಗಿನವರು ಯಾರಾದರೂ ಇದ್ದರೆ ಅವರಿಗೆ "ಒಕ್ಕ" ಅಂದರೆ ಸಾಕು, ತಕ್ಷಣ ಅರ್ಥವಾಗುತ್ತದೆ. ಆದರೂ ನಾನು ಕ್ಲಾನ್ ಅಂತಲೇ ಅನ್ನುತ್ತೇನೆ. ಯಾಕೆಂದರೆ ಅದರಲ್ಲಿ ಎಲ್ಲರೂ ಒಂದೇ ರಕ್ತದವರಲ್ಲ. ಆ ಕಣಿವೆಗೆ ಬಂದು ನೆಲೆಸಿದ ಎಷ್ಟೋ ಬಡವರು ರಕ್ಷಣೆಗಾಗಿ ನಾಯಕನ ಹೆಸರನ್ನೇ ತಮ್ಮ ಹೆಸರಾಗಿ ಇಟ್ಟುಕೊಂಡರು. ಹೆಸರು ಅಲ್ಲಿ ಒಂದು ಸೂರಿನ ಹಾಗೆ. ಅದರ ಕೆಳಗೆ ನಿಂತರೆ ನಿಮ್ಮ ಮೇಲೆ ಕೈ ಮಾಡಿದವನು ಇಡೀ ಕ್ಲಾನ್‌ಗೆ ಉತ್ತರ ಹೇಳಬೇಕು.

ಅವರ ಸಂಪತ್ತು ಅಂದರೆ ದನ. ರಾತ್ರೋರಾತ್ರಿ ಪಕ್ಕದ ಕ್ಲಾನ್‌ನ ದನ ಹೊಡೆದುಕೊಂಡು ಬರುವುದು ಅಲ್ಲಿ ಯುವಕರ ಪೌರುಷದ ಪರೀಕ್ಷೆ. ತುರುಗಾಳಗದಲ್ಲಿ ಸತ್ತವರ ವೀರಗಲ್ಲುಗಳನ್ನು ಊರೂರಲ್ಲಿ ನೋಡಿ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇನ್ನೊಂದು ಪದ್ಧತಿಯೂ ಇತ್ತು. ನಾಯಕನ ಮಗುವನ್ನು ಬೇರೆ ಮನೆಗೆ ಕೊಟ್ಟು ಬೆಳೆಸುವುದು. ಸಾಕುತಾಯಿಯ ಮಗ ಒಡಹುಟ್ಟಿದವನಿಗಿಂತ ಹತ್ತಿರದವನಾಗುತ್ತಿದ್ದ. ಕಾದಂಬರಿಯಲ್ಲಿ ನಾಯಕನ ಬೆನ್ನಿಗೆ ಯಾವಾಗಲೂ ಒಬ್ಬ ಮಾತು ಕಡಿಮೆಯ ಗೆಳೆಯ ನಿಂತಿರುತ್ತಾನಲ್ಲ, ಹೆಚ್ಚಿನ ಸಲ ಅವನು ಈ ಸಾಕು ಅಣ್ಣನೋ ತಮ್ಮನೋ ಆಗಿರುತ್ತಾನೆ.

ಈಗ ಕಥೆಗೆ ಬರೋಣ. ಈ ಕಾದಂಬರಿಗಳಲ್ಲಿ ಮತ್ತೆ ಮತ್ತೆ ಬರುವ ಕಥೆ ಒಂದೇ. ಎರಡು ಕ್ಲಾನ್‌ಗಳ ನಡುವೆ ಹಗೆ. ಜಗಳ ನಿಲ್ಲಲಿ ಅಂತ ಒಂದು ಮದುವೆ. ಹುಡುಗಿ ಶತ್ರುವಿನ ಮನೆಗೆ ಸೊಸೆಯಾಗಿ ಬರುತ್ತಾಳೆ. ಮೊದಲ ರಾತ್ರಿ ಊಟದ ಮೇಜಿನ ಸುತ್ತ ನೂರು ಜೋಡಿ ಕಣ್ಣು ಅವಳನ್ನೇ ನೋಡುತ್ತಿರುತ್ತವೆ. ಆ ಗಂಡಸು ಅವಳನ್ನು ಪ್ರೀತಿಸುತ್ತಾನೆ ಅನ್ನುವುದು ನಮಗೆ ಮೂರನೇ ಅಧ್ಯಾಯಕ್ಕೇ ಗೊತ್ತಾಗಿಬಿಡುತ್ತದೆ. ಅದರಲ್ಲಿ ಅಂಥ ಕುತೂಹಲವೇನೂ ಉಳಿಯುವುದಿಲ್ಲ. ಉಸಿರು ಬಿಗಿಹಿಡಿದು ಕಾಯುವುದು ಬೇರೆಯದಕ್ಕೆ. ಆ ಮನೆಯ ಮುದುಕಿ ಅವಳಿಗೆ ಉಗ್ರಾಣದ ಬೀಗದ ಕೈ ಯಾವಾಗ ಕೊಡುತ್ತಾಳೆ? ಕುದುರೆ ನೋಡಿಕೊಳ್ಳುವ ಹುಡುಗ ಯಾವಾಗ ಅವಳನ್ನು "ನಮ್ಮವಳು" ಅನ್ನುತ್ತಾನೆ? ಹೊಸ ಮನೆಗೆ ಕಾಲಿಟ್ಟು, ಯಾವ ಡಬ್ಬಿಯಲ್ಲಿ ಏನಿದೆ ಅಂತ ಗೊತ್ತಿಲ್ಲದೆ ನಿಂತ ಯಾವ ಹೆಣ್ಣಿಗೂ ಈ ಕಾಯುವಿಕೆ ಗೊತ್ತು, ಅಲ್ವಾ?

ಇದಕ್ಕೆ ಅಲ್ಲಿನ ಚರಿತ್ರೆಯಲ್ಲಿ ಒಂದು ಆಳವಾದ ಗಾಯ ಇದೆ. ಅದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು.

ಗ್ಲೆನ್‌ಕೋ ಅನ್ನುವ ಕಣಿವೆ. ಅಲ್ಲಿದ್ದವರು ಮೆಕ್‌ಡೊನಾಲ್ಡ್ ಕ್ಲಾನ್‌ನ ಒಂದು ಕವಲು. ಅವರ ನಾಯಕನನ್ನು ಮೆಕಿಯನ್ ಅನ್ನುತ್ತಿದ್ದರು. ರಾಜ ವಿಲಿಯಂಗೆ ನಿಷ್ಠೆಯ ಪ್ರಮಾಣ ಮಾಡಲು ಎಲ್ಲ ನಾಯಕರಿಗೂ 1692ರ ಜನವರಿ 1 ಕೊನೆಯ ದಿನ. ಮುದುಕ ಮೆಕಿಯನ್ ಹೋದ. ಆದರೆ ಹೋದ ಜಾಗದಲ್ಲಿ ಪ್ರಮಾಣ ತೆಗೆದುಕೊಳ್ಳುವ ಅಧಿಕಾರಿ ಇರಲಿಲ್ಲ. ಹಿಮದಲ್ಲಿ ಇನ್ನೊಂದು ಊರಿಗೆ ನಡೆದು, ಜನವರಿ 6ಕ್ಕೆ ಪ್ರಮಾಣ ಮಾಡಿದ. ಕೆಲವೇ ದಿನ ತಡ. ಮೇಲಿದ್ದವರಿಗೆ ಅಷ್ಟು ಸಾಕಾಗಿತ್ತು. ಫೆಬ್ರವರಿ ಮೊದಲ ದಿನ ಸುಮಾರು 120 ಸೈನಿಕರು ಕಣಿವೆಗೆ ಬಂದರು. ಅವರ ಮುಖ್ಯಸ್ಥ ಗ್ಲೆನ್‌ಲಯನ್‌ನ ಕ್ಯಾಪ್ಟನ್ ರಾಬರ್ಟ್ ಕ್ಯಾಂಪ್‌ಬೆಲ್. ಅವನ ಸೋದರಿಯ ಸಂಬಂಧದ ಹುಡುಗಿಯೇ ಮೆಕಿಯನ್‌ನ ಕಿರಿಮಗನ ಹೆಂಡತಿ. ಬೀಗರ ಕಡೆಯವನು! ಉಳಿದುಕೊಳ್ಳಲು ಜಾಗ ಬೇಕು ಅಂದ. ಕೊಟ್ಟರು. ಹನ್ನೆರಡು ದಿನ ಆ ಮನೆಗಳ ಬೆಂಕಿ ಕಾಯಿಸಿಕೊಂಡರು, ಅವರ ಅನ್ನ ತಿಂದರು, ಮಕ್ಕಳ ಜೊತೆ ಇಸ್ಪೀಟು ಆಡಿದರು. ಫೆಬ್ರವರಿ 13ರ ಬೆಳಗಿನ ಜಾವ ಐದಕ್ಕೆ ಎದ್ದು, ಮಲಗಿದ್ದವರನ್ನು ಕೊಂದರು. ಸತ್ತವರು ಸುಮಾರು 38 ಜನ. ಹಿಮದ ಬೆಟ್ಟಕ್ಕೆ ಓಡಿದ ಹೆಂಗಸರು, ಮಕ್ಕಳಲ್ಲಿ ಎಷ್ಟೋ ಜನ ಚಳಿಗೆ ಸತ್ತರು.

ಆ ಕಾಲದಲ್ಲಿ ಇಂಥ ಸಾವು ಬೇರೆಡೆಯೂ ಆಗಿತ್ತು. ಇದಕ್ಕಿಂತ ಜಾಸ್ತಿ ಜನ ಸತ್ತ ಕಾಳಗಗಳೂ ಇದ್ದವು. ಆದರೂ ಗ್ಲೆನ್‌ಕೋವನ್ನು ಮರೆಯಲು ಆಗಲಿಲ್ಲ. ಅಲ್ಲಿನ ಕಾನೂನಿನಲ್ಲಿ ನಂಬಿಸಿ ಕೊಲ್ಲುವುದಕ್ಕೆ ಪ್ರತ್ಯೇಕ ಹೆಸರೇ ಇತ್ತು. ಅದು ಬರೀ ಕೊಲೆಗಿಂತ ಕೆಟ್ಟದ್ದು. ಉಂಡ ಮನೆಗೆ ಎರಡು ಬಗೆಯುವುದು ಅಂತ ನಾವು ಅನ್ನುತ್ತೇವಲ್ಲ, ಅದು.

ನನಗೆ ಅನ್ನಿಸುವುದು ಇಷ್ಟು. ಶತ್ರುವಿನ ಮನೆಗೆ ಸೊಸೆಯಾಗಿ ಬರುವ ಪ್ರತಿಯೊಂದು ಕಾದಂಬರಿಯೂ ಗ್ಲೆನ್‌ಕೋವನ್ನು ತಿರುಗಿಸಿ ಬರೆಯುತ್ತಿದೆ. ಅಲ್ಲಿ ನೆಂಟ ಬಂದ, ಉಂಡ, ಕೊಂದ. ಇಲ್ಲಿ ಹಗೆಯ ಮನೆಯವಳು ಬರುತ್ತಾಳೆ, ಉಣ್ಣುತ್ತಾಳೆ, ಕೊನೆಗೆ ಆ ಮನೆಯನ್ನು ಉಳಿಸುತ್ತಾಳೆ. ಬರೆದವರಿಗೆ ಇದು ಗೊತ್ತಿತ್ತೋ ಇಲ್ಲವೋ, ಓದುವಾಗ ನನಗಂತೂ ಹಾಗೇ ಕಾಣುತ್ತದೆ. ಅತಿಥಿಗೆ ಕೊಟ್ಟ ಮಾತು ಉಳಿಯುವ ಒಂದು ಲೋಕ ಬೇಕು ಅನ್ನುವ ಆಸೆ ಸಣ್ಣದಲ್ಲ.

ಇನ್ನೊಂದು ಸೆಳೆತ ಕಾಲದ್ದು. ಈ ಕಾದಂಬರಿಗಳಲ್ಲಿ ತುಂಬ ಕಥೆಗಳು ನಡೆಯುವುದು 1700ರಿಂದ 1746ರ ನಡುವೆ. 1745ರ ಆಗಸ್ಟ್ 19ರಂದು ಗ್ಲೆನ್‌ಫಿನ್ನನ್‌ನಲ್ಲಿ ರಾಜಕುಮಾರ ಚಾರ್ಲ್ಸ್ ಎಡ್ವರ್ಡ್ ಸ್ಟುವರ್ಟ್, ತನ್ನ ಮನೆತನ ಕಳೆದುಕೊಂಡಿದ್ದ ಸಿಂಹಾಸನವನ್ನು ತಂದೆಗೆ ವಾಪಸ್ ಕೊಡಿಸಲು ಧ್ವಜ ಏರಿಸಿದ. ಎಂಟು ತಿಂಗಳು ಕಳೆದು, 1746ರ ಏಪ್ರಿಲ್ 16ರಂದು, ಕಲ್ಲೋಡನ್‌ನ ಬಯಲಿನಲ್ಲಿ ಸರ್ಕಾರಿ ಸೈನ್ಯದ ಎದುರು ಸೋತು ಎಲ್ಲ ಮುಗಿಯಿತು. ಕಾಳಗ ಒಂದು ಗಂಟೆಯೂ ನಡೆಯಲಿಲ್ಲ. ಕಾದಂಬರಿಯ ಹುಡುಗ ಹುಡುಗಿ 1744ರಲ್ಲಿ ಬೆಟ್ಟದ ಮೇಲೆ ಕೂತು ಮಕ್ಕಳಿಗೆ ಏನು ಹೆಸರಿಡೋಣ ಅಂತ ಮಾತಾಡುತ್ತಿರುತ್ತಾರೆ. ಓದುತ್ತಿರುವ ನಮಗೆ ಆ ತಾರೀಖು ಗೊತ್ತು. ಅವರಿಗೆ ಗೊತ್ತಿಲ್ಲ. ಅದಕ್ಕೇ ಅಲ್ಲಿ ಒಂದು ಸಾದಾ ಊಟ, ಒಂದು ಸುಮ್ನೆ ನಡೆದ ಜಗಳ ಕೂಡ ಎದೆಗೆ ತಾಗುತ್ತದೆ.

1991ರಲ್ಲಿ ಬಂದ "ಔಟ್‌ಲ್ಯಾಂಡರ್" ಈ ಗೊತ್ತಿರುವಿಕೆಯನ್ನು ನಾಯಕಿಯ ಕೈಗೇ ಕೊಟ್ಟುಬಿಟ್ಟಿತು. ಎರಡನೇ ಮಹಾಯುದ್ಧ ಮುಗಿಸಿ ಬಂದ ನರ್ಸ್ ಒಬ್ಬಳು 1743ಕ್ಕೆ ಹೋಗಿ ಬೀಳುತ್ತಾಳೆ. ಮುಂದೆ ಏನಾಗುತ್ತದೆ ಅಂತ ಅವಳಿಗೆ ಗೊತ್ತು. ಅದನ್ನು ಬರೆದ ಡಯಾನಾ ಗಬಾಲ್ಡನ್ ಅಮೆರಿಕದ ಅರಿಝೋನಾದವರು. ಬರೆಯಲು ಶುರುಮಾಡಿದಾಗ ಅವರು ಸ್ಕಾಟ್ಲೆಂಡ್ ನೋಡಿರಲಿಲ್ಲ. ಆ ಪುಸ್ತಕದ ಹೆಸರಿನ ಅರ್ಥವೇ ಹೊರಗಿನವಳು ಅಂತ. ನೋಡಿ, ಮತ್ತೆ ಅಲ್ಲಿಗೇ ಬಂದೆವು. ಯಾರ ಪೈಕಿ?

ಇಷ್ಟು ಹೇಳಿದ ಮೇಲೆ ನಿಜವಾಗಿ ಬದುಕಿದ್ದ ಒಬ್ಬಳ ಬಗ್ಗೆ ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ಎಲ್ಲರೂ ಫ್ಲೋರಾ ಮೆಕ್‌ಡೊನಾಲ್ಡ್ ಹೆಸರು ಹೇಳುತ್ತಾರೆ. ಸೋತ ರಾಜಕುಮಾರನಿಗೆ ಕೆಲಸದ ಹೆಂಗಸಿನ ವೇಷ ಹಾಕಿಸಿ ದೋಣಿಯಲ್ಲಿ ಸ್ಕೈ ದ್ವೀಪಕ್ಕೆ ದಾಟಿಸಿದವಳು ಅವಳು. ಅವನನ್ನು ಹಿಡಿದುಕೊಟ್ಟರೆ 30,000 ಪೌಂಡ್ ಬಹುಮಾನ ಇತ್ತು. ಆ ಬಡ ಸೀಮೆಯಲ್ಲಿ ಅದಕ್ಕಾಗಿ ಅವನನ್ನು ಯಾರೂ ಹಿಡಿದುಕೊಡಲಿಲ್ಲ. ಫ್ಲೋರಾ ದೊಡ್ಡವಳೇ. ಆದರೆ ನನ್ನ ಮನಸ್ಸು ಹೋಗುವುದು ಆ್ಯನ್ ಮೆಕಿಂಟಾಶ್ ಕಡೆಗೆ.

ಆ್ಯನ್ ಹುಟ್ಟಿದ್ದು ಫಾರ್ಕರ್ಸನ್ ಕ್ಲಾನ್‌ನಲ್ಲಿ, ಮದುವೆಯಾದದ್ದು ಮೆಕಿಂಟಾಶ್ ಕ್ಲಾನ್‌ನ ನಾಯಕ ಆ್ಯಂಗಸ್‌ನನ್ನು. 1745ರಲ್ಲಿ ಅವಳಿಗೆ ಇಪ್ಪತ್ತೆರಡರ ಆಸುಪಾಸು. ಗಂಡ ಸರ್ಕಾರಿ ಸೈನ್ಯದಲ್ಲಿ ಅಧಿಕಾರಿ. ಅವಳು ರಾಜಕುಮಾರನ ಪಕ್ಷ. ಗಂಡನ ಕ್ಲಾನ್‌ನ ಗಂಡಸರನ್ನೇ ಒಟ್ಟುಗೂಡಿಸಿ ಗಂಡನ ಎದುರು ಪಕ್ಷಕ್ಕೆ ಕಳಿಸಿದಳು. ಜನ ಅವಳನ್ನು "ಕರ್ನಲ್ ಆ್ಯನ್" ಅಂದರು. 1746ರ ಫೆಬ್ರವರಿಯಲ್ಲಿ ರಾಜಕುಮಾರ ಅವಳ ಮನೆಯಲ್ಲಿ, ಮೋಯ್ ಅನ್ನುವಲ್ಲಿ, ತಂಗಿದ್ದ. ಅವನನ್ನು ಹಿಡಿಯಲು ಸುಮಾರು 1,500 ಸೈನಿಕರು ರಾತ್ರಿ ಹೊರಟರು. ದಾರಿಯಲ್ಲಿ ಕಾಯುತ್ತಿದ್ದದ್ದು ಅವಳ ಊರಿನ ಕಮ್ಮಾರ ಡೊನಾಲ್ಡ್ ಫ್ರೇಸರ್, ಜೊತೆಗೆ ಬೆರಳೆಣಿಕೆಯಷ್ಟು ಜನ. ಕತ್ತಲಲ್ಲಿ ಅಲ್ಲೊಂದು ಇಲ್ಲೊಂದು ಗುಂಡು ಹಾರಿಸಿ, ದೊಡ್ಡ ದೊಡ್ಡ ಕ್ಲಾನ್‌ಗಳ ಹೆಸರು ಕೂಗಿ, ಇಡೀ ಸೈನ್ಯವೇ ಇದೆ ಅನ್ನುವ ಹಾಗೆ ಮಾಡಿದರು. 1,500 ಜನ ತಿರುಗಿ ಓಡಿದರು. ಬರೀ ಹೆಸರು ಕೂಗಿ ಗೆದ್ದ ಕಾಳಗ ಅದು.

ಆಮೇಲೆ ಅವಳ ಗಂಡ ಸೆರೆಸಿಕ್ಕ. ರಾಜಕುಮಾರ ಅವನನ್ನು ಹೆಂಡತಿಯ ಸುಪರ್ದಿಗೇ ಒಪ್ಪಿಸಿದ. ಇವಳು "ನಮಸ್ಕಾರ ಕ್ಯಾಪ್ಟನ್" ಅಂದಳಂತೆ, ಅವನು "ನಮಸ್ಕಾರ ಕರ್ನಲ್" ಅಂದನಂತೆ. ಇದು ಬಾಯಿಂದ ಬಾಯಿಗೆ ಬಂದ ಕಥೆ. ಆದರೆ ಆ ದಿನ ಅವರಿಬ್ಬರೂ ಒಂದೇ ಮೇಜಿಗೆ ಊಟಕ್ಕೆ ಕೂತಾಗ ಏನು ಮಾತಾಡಿರಬಹುದು ಅಂತ ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಇನ್ನು ಈ ಕಾದಂಬರಿಗಳಲ್ಲಿ ನನಗೆ ಒಪ್ಪಿಗೆಯಾಗದ್ದನ್ನೂ ಹೇಳಬೇಕು. ಹಳೆಯ ಕೆಲವು ಪುಸ್ತಕಗಳಲ್ಲಿ ಹುಡುಗಿಯನ್ನು ಹೊತ್ತುಕೊಂಡು ಹೋಗುವುದು, ಬಲವಂತ ಮಾಡುವುದು ಎಲ್ಲ ಪ್ರೀತಿಯ ಹೆಸರಿನಲ್ಲಿ ಬರುತ್ತದೆ. ಅದು ಪ್ರೀತಿ ಅಲ್ಲ. ಅಂಥ ಪುಸ್ತಕವನ್ನು ನಾನು ಅರ್ಧಕ್ಕೇ ವಾಪಸ್ ಕೊಟ್ಟಿದ್ದೇನೆ. ಒಳ್ಳೆಯ ಲೇಖಕಿಯರು ಈಗ ಅದನ್ನು ಬಿಟ್ಟಿದ್ದಾರೆ.

ಎರಡನೆಯದು ನಾಯಕ. ಕಾದಂಬರಿಯಲ್ಲಿ ಅವನು ಎಲ್ಲರಿಗೂ ಅಪ್ಪ ಇದ್ದ ಹಾಗೆ. ಚರಿತ್ರೆಯಲ್ಲಿ ಆ ಅಪ್ಪಂದಿರೇ ಮಕ್ಕಳನ್ನು ಹೊರಗೆ ಹಾಕಿದರು. ಕಲ್ಲೋಡನ್ ಆದ ಮೇಲೆ ನಾಯಕರ ನ್ಯಾಯಾಧಿಕಾರವನ್ನು ಸರ್ಕಾರ ಕಿತ್ತುಕೊಂಡಿತು. ಕತ್ತಿ ಹಿಡಿಯುವ ಜನ ಅವರಿಗೆ ಬೇಡವಾದರು. ಬೇಕಾದದ್ದು ಬಾಡಿಗೆ. ಬಡ ಒಕ್ಕಲು ಕೊಡುವ ಬಾಡಿಗೆಗಿಂತ ಕುರಿ ಸಾಕುವವನು ಜಾಸ್ತಿ ಕೊಡುತ್ತಿದ್ದ. ಹೀಗೆ ಕಣಿವೆಗೆ ಕಣಿವೆಯೇ ಖಾಲಿಯಾಯಿತು. 1814ರ ಜೂನ್‌ನಲ್ಲಿ ಸದರ್ಲೆಂಡ್‌ನ ಸ್ಟ್ರಾತ್‌ನೇವರ್ ಕಣಿವೆಯಲ್ಲಿ ಎಸ್ಟೇಟಿನ ಅಧಿಕಾರಿ ಪ್ಯಾಟ್ರಿಕ್ ಸೆಲ್ಲರ್‌ನ ಜನ ಮನೆಗಳ ಮಾಡಿಗೆ ಬೆಂಕಿ ಹಚ್ಚಿದರು. ಹಾಸಿಗೆ ಹಿಡಿದಿದ್ದ, ನೂರರ ಹತ್ತಿರದ ಮಾರ್ಗರೆಟ್ ಮೆಕೇ ಅನ್ನುವ ಮುದುಕಿಯನ್ನು ಹೊತ್ತುಕೊಂಡು ಹೊರಗೆ ತರಬೇಕಾಯಿತು. ಐದು ದಿನಕ್ಕೆ ಆಕೆ ತೀರಿಕೊಂಡರು. 1816ರಲ್ಲಿ ಸೆಲ್ಲರ್‌ನ ವಿಚಾರಣೆ ನಡೆಯಿತು. ಖುಲಾಸೆಯಾಯಿತು.

ಅದೇ 1814. ಮರುತಿಂಗಳು ಜುಲೈನಲ್ಲಿ ಎಡಿನ್‌ಬರೋದಲ್ಲಿ ಲೇಖಕನ ಹೆಸರಿಲ್ಲದೆ "ವೇವರ್ಲಿ" ಅನ್ನುವ ಕಾದಂಬರಿ ಬಂತು. ಬರೆದವರು ವಾಲ್ಟರ್ ಸ್ಕಾಟ್. 1745ರ ದಂಗೆ, ಕ್ಲಾನ್‌ನ ನಾಯಕ, ಅವನ ತಂಗಿ, ಹೊರಗಿನಿಂದ ಬಂದ ಯುವಕ, ಎಲ್ಲ ಅದರಲ್ಲಿತ್ತು. ಅದಕ್ಕೂ ನಾಲ್ಕು ವರ್ಷ ಮೊದಲೇ ಜೇನ್ ಪೋರ್ಟರ್ ಅನ್ನುವ ಮಹಿಳೆ ಸ್ಕಾಟಿಷ್ ವೀರರ ದೊಡ್ಡ ಕಾದಂಬರಿ ಬರೆದಿದ್ದರು. ಆದರೆ ಜನರನ್ನು ಹುಚ್ಚು ಹಿಡಿಸಿದ್ದು "ವೇವರ್ಲಿ". ಈ ಎರಡು ತಿಂಗಳುಗಳನ್ನು ಅಕ್ಕಪಕ್ಕ ಇಟ್ಟು ನೋಡಿದ ದಿನ ನಾನು ತುಂಬ ಹೊತ್ತು ಪುಸ್ತಕ ಮುಚ್ಚಿ ಕೂತಿದ್ದೆ. ಜೂನ್‌ನಲ್ಲಿ ಮನೆ ಸುಟ್ಟಿತು. ಜುಲೈನಲ್ಲಿ ಆ ಜನರ ಮೇಲೆ ಲೋಕಕ್ಕೆ ಪ್ರೀತಿ ಹುಟ್ಟಿತು.

1822ರಲ್ಲಿ ರಾಜ ನಾಲ್ಕನೇ ಜಾರ್ಜ್ ಎಡಿನ್‌ಬರೋಗೆ ಬಂದಾಗ ಎಲ್ಲರೂ ಚೌಕುಳಿ ಬಟ್ಟೆ ಉಟ್ಟು ಬರಬೇಕು ಅಂತ ಏರ್ಪಾಡು ಮಾಡಿದವರೂ ಸ್ಕಾಟ್ ಅವರೇ. ರಾಜನೂ ಕಿಲ್ಟ್ ಉಟ್ಟ. ಒಂದೊಂದು ಕ್ಲಾನ್‌ಗೆ ಒಂದೊಂದು ಬಣ್ಣದ ಚೌಕುಳಿ ಅನ್ನುವುದು ಗಟ್ಟಿಯಾದದ್ದು ಹೆಚ್ಚಾಗಿ ಆ ಕಾಲದಲ್ಲಿ. 1300ರ ಕಥೆಯಲ್ಲಿ ನಾಯಕ ತನ್ನ ಕ್ಲಾನ್‌ನ ಬಣ್ಣದ ಕಿಲ್ಟ್ ಉಟ್ಟು ಬಂದರೆ ಅದು ಲೇಖಕಿಯ ಕಲ್ಪನೆ ಅಂತ ತಿಳಿಯಿರಿ. ಮುಖಪುಟದ ಕಿಲ್ಟ್ ಹೊಸದು. ಬಂದವರಿಗೆ ಬೆಂಕಿಯ ಹತ್ತಿರ ಜಾಗ ಕೊಡುವುದು ಹಳೆಯದು. ನನಗೆ ಬೇಕಾದದ್ದು ಎರಡನೆಯದು.

ಮೈಸೂರಿನಲ್ಲಿ ನಿಂತು ಮಾತಾಡುವಾಗ ಇನ್ನೊಂದು ವಿಷಯ ಬಿಡಲಾರೆ. ನೀವೆಲ್ಲ ಶ್ರೀರಂಗಪಟ್ಟಣದ ದರಿಯಾ ದೌಲತ್ ನೋಡಿದ್ದೀರಿ. ಗೋಡೆಯ ಮೇಲೆ 1780ರ ಪೊಳ್ಳಿಲೂರು ಯುದ್ಧದ ಚಿತ್ರ ಇದೆ. ಆ ಯುದ್ಧದಲ್ಲಿ ಹೈದರ್ ಮತ್ತು ಟಿಪ್ಪುವಿನ ಎದುರು ಸೋತವರಲ್ಲಿ ಲಾರ್ಡ್ ಮೆಕ್‌ಲೌಡ್‌ನ ಹೈಲ್ಯಾಂಡರ್ಸ್ ಪಡೆಯ ಒಂದು ಭಾಗವೂ ಇತ್ತು. ಆ ಪಡೆ ಕಟ್ಟಿದ ಲಾರ್ಡ್ ಮೆಕ್‌ಲೌಡ್ 1745ರಲ್ಲಿ ಹುಡುಗನಾಗಿ ರಾಜಕುಮಾರನ ಪರ ಕತ್ತಿ ಹಿಡಿದವನು. ಸೆರೆಸಿಕ್ಕಿ, ಕ್ಷಮೆ ಪಡೆದು, ಸ್ವೀಡನ್ನಿನ ಸೈನ್ಯದಲ್ಲಿ ಎಷ್ಟೋ ವರ್ಷ ಕಳೆದು, ಕೊನೆಗೆ ತನ್ನನ್ನು ಸೋಲಿಸಿದ ಆ ರಾಜಮನೆತನಕ್ಕೇ ಪಡೆ ಕಟ್ಟಿಕೊಟ್ಟ. ಕಲ್ಲೋಡನ್ ಆದ ಮೇಲೆ ಬಂದ ಕಾನೂನಿನ ಪ್ರಕಾರ ಊರಿನಲ್ಲಿ ಸಾಮಾನ್ಯ ಗಂಡಸು ಕಿಲ್ಟ್ ಉಡುವಂತಿರಲಿಲ್ಲ. ಸೈನ್ಯ ಸೇರಿದರೆ ಉಡಬಹುದಿತ್ತು. ಆ ನಿಷೇಧ ಹೋಗಿದ್ದು 1782ರಲ್ಲಿ. ಆಗ ಆ ಸೆರೆಯಾಳುಗಳು ಇಲ್ಲೇ, ಕಾವೇರಿ ದಂಡೆಯಲ್ಲಿ ಇದ್ದರು. ಇವರ ದಾರಿ ಕಾಯುತ್ತಿದ್ದ ಹೆಂಗಸರ ಕಾದಂಬರಿಯನ್ನು ನಾನು ಇನ್ನೂ ಓದಿಲ್ಲ. ಯಾರಾದರೂ ಬರೆಯಬೇಕು.

ನಮ್ಮ ಪಾಳೆಯಗಾರರ ಕೈಫಿಯತ್ತುಗಳನ್ನು ಸಂಗ್ರಹಿಸಿದ ಕಾಲಿನ್ ಮೆಕೆಂಝಿಯೂ ಅಲ್ಲಿನವನೇ. ಲೂಯಿಸ್ ದ್ವೀಪದ ಸ್ಟೋರ್ನೋವೇ ಊರಿನವನು. 1799ರ ನಂತರ ಮೈಸೂರು ಸೀಮೆಯ ಅಳತೆ ಮಾಡಿಸುತ್ತಾ, ಕಾವಲಿ ಬೋರಯ್ಯ ಮತ್ತು ಅವರ ತಮ್ಮಂದಿರ ನೆರವಿನಿಂದ ಊರೂರಿನ ವಂಶಾವಳಿ ಬರೆಸಿಕೊಂಡ. ಅವನ ಕೆಲಸ ಕಂಪನಿಗೆ ಅನುಕೂಲವಾಯಿತು, ಅದು ನಿಜ. ಆದರೂ "ಕೋ ಲೆಶ್ ಊ" ಅಂತ ಕೇಳುವ ನಾಡಿನಿಂದ ಬಂದವನು ನಮ್ಮ ಊರುಗಳಿಗೆ ಜನ ಕಳಿಸಿ ನೀವು ಯಾರ ಪೈಕಿ ಅಂತ ಕೇಳಿಸಿದ್ದು ನೆನೆದರೆ ನನಗೆ ಏನೋ ಆಗುತ್ತದೆ.

ಮಾತು ಮುಗಿದ ಮೇಲೆ ಒಬ್ಬರು ಕೇಳಿದರು: ಇಂಥ ಕಾದಂಬರಿ ಕನ್ನಡಕ್ಕೆ ಬಂದರೆ ಒಗ್ಗುತ್ತದಾ? ಇಂಗ್ಲಿಷಿಗಿಂತ ಚೆನ್ನಾಗಿಯೇ ಒಗ್ಗುತ್ತದೆ ಅಂದೆ. ಗೇಲಿಕ್‌ನಲ್ಲಿ ನೀನು, ನೀವು ಎರಡೂ ಇವೆ. "ಊ" ಅಂದರೆ ನೀನು, "ಶಿವ್" ಅಂದರೆ ನೀವು. ಇಂಗ್ಲಿಷಿನಲ್ಲಿ ಬರೆಯುವವರಿಗೆ ಆ ವ್ಯತ್ಯಾಸ ತೋರಿಸಲು ದಾರಿಯೇ ಇಲ್ಲ. ಕನ್ನಡದಲ್ಲಿ ಹಗೆಯ ಮನೆಗೆ ಬಂದ ಹುಡುಗಿ ಗಂಡನನ್ನು "ನೀವು" ಅಂತಲೇ ಕರೆಯುತ್ತಿರುತ್ತಾಳೆ. ಯಾವುದೋ ಒಂದು ರಾತ್ರಿ, ಗಾಯಕ್ಕೆ ಬಟ್ಟೆ ಕಟ್ಟುವಾಗಲೋ ಏನೋ, ಗೊತ್ತಿಲ್ಲದೆ "ನೀನು" ಅಂದುಬಿಡುತ್ತಾಳೆ. ಇನ್ನೇನೂ ಬರೆಯಬೇಕಾಗಿಲ್ಲ.

ಇನ್ನೊಬ್ಬರು, ನೀವು ಅಲ್ಲಿಗೆ ಹೋಗಿದ್ದೀರಾ ಅಂದರು. ಇಲ್ಲ. ಚಿತ್ರಗಳಲ್ಲಿ ನೋಡಿದ್ದೇನೆ ಅಷ್ಟೆ. ಕಲ್ಲೋಡನ್‌ನ ಬಯಲಿನಲ್ಲಿ ಸತ್ತವರನ್ನು ಹೂಳಿದ ದಿಬ್ಬಗಳ ಮೇಲೆ 1881ರಲ್ಲಿ ಕಲ್ಲು ನೆಟ್ಟರು. ಒಂದೊಂದರ ಮೇಲೂ ಕ್ಲಾನ್‌ನ ಹೆಸರು. ಫ್ರೇಸರ್ ಕಲ್ಲಿನ ಹತ್ತಿರ ಓದುಗರು ಬಂದು ಹೂ ಇಡುತ್ತಾರೆ, "ಔಟ್‌ಲ್ಯಾಂಡರ್" ಕಾದಂಬರಿಯ ನಾಯಕ ಆ ಕ್ಲಾನ್‌ನವನು ಅಂತ. ಇನ್ನೊಂದು ಕಲ್ಲಿದೆ. ಅದರ ಮೇಲೆ ಕೆತ್ತಿರುವುದು "ಮಿಶ್ರ ಕ್ಲಾನ್‌ಗಳು" ಅಂತ ಮಾತ್ರ. ಅದರ ಕೆಳಗೆ ಇರುವವರು ಯಾರ ಪೈಕಿ ಅಂತ ಹೇಳಲು ಆ ದಿನ ಅಲ್ಲಿ ಯಾರೂ ಉಳಿದಿರಲಿಲ್ಲ. ಎಂದಾದರೂ ಹೋದರೆ ನಾನು ಮೊದಲು ಅಲ್ಲಿ ನಿಲ್ಲಬೇಕು ಅಂತಿದ್ದೇನೆ.